ಮಳೆಗಾಲದಲ್ಲಿ ಕೋವಿ ನೋಡ್ಕೊಳ್ಳೋದು: ಮದ್ದಿನ ಕಿಟ್ಟ, ಸೀಸ, ತುಕ್ಕು

ನಮ್ಮ ಕಡೆ ಕೋವಿ ಹಾಳಾಗೋದು ಈಡು ಹೊಡೆದೂ ಹೊಡೆದೂ ಸವೆದು ಅಲ್ಲ, ಗೋಡೆ ಮೇಲೆ ಸುಮ್ನೆ ನೇತಾಡಿ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಹಳೇ ಮನೆಗಳಲ್ಲಿ ಲೈಸೆನ್ಸ್ ಕೋವಿ ಇರೋದು ಹೊಸ ವಿಷಯ ಏನಲ್ಲ, ಅಜ್ಜನ ಕಾಲದ್ದು ಅಪ್ಪನ ಹೆಸರಿಗಾಗಿ ಈಗ ಮಗನ ಹೆಸರಲ್ಲಿರತ್ತೆ, ತೋಟಕ್ಕೆ ಬರೋ ಮಂಗನ್ನ ಹಂದಿನ್ನ ಬೆದರಿಸೋಕೆ ಅಂತ ವರ್ಷದಲ್ಲಿ ಒಂದೆರಡು ಸಲ ಕೆಳಗಿಳಿಯತ್ತೆ ಅಷ್ಟೆ. ಆದ್ರೂ ನಳಿಗೆ (ಗುಂಡು ಹಾರೋ ಕೊಳವೆ) ಒಳಗೆ ಬ್ಯಾಟರಿ ಬಿಟ್ಟು ನೋಡಿದ್ರೆ ಮಳೆಗಾಲ ಮುಗಿದ ಮೇಲಿನ ಘಾಟಿ ರಸ್ತೆ ಹಂಗಿರತ್ತೆ, ಬರೀ ಗುಳಿ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳತ್ತೆ, ಜೂನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆನೇ ಒಣಗಲ್ಲ, ಚಪ್ಪಲಿಗೆ ಬೂಷ್ಟು ಬರತ್ತೆ, ಇನ್ನು ಕಬ್ಬಿಣದ ನಳಿಗೆ ಒಳಗೆ ಹೋದ ಸಲ ಹೊಡೆದ ಈಡಿನ ಕಿಟ್ಟ (ಮದ್ದು ಉರಿದು ಉಳಿಯೋ ಕೊಳೆ) ಹಂಗೇ ಇದ್ರೆ ಏನಾಗತ್ತೆ ಅಂತ ಬೇರೆ ಹೇಳ್ಬೇಕಾ.

ಇನ್ನೊಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ. ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಗುಂಡು ಮಾಡಿ ರೈಫಲ್ ತೋಟಾನ (ಮದ್ದು ಗುಂಡು ಸೇರಿದ ಕಾರ್ಟ್ರಿಜ್) ಮನೇಲೇ ತುಂಬೋದು ಹೇಗೆ ಅಂತ ವಿಡಿಯೋ ನೋಡ್ಕೊಂಡು ಬಂದು ಕೇಳೋರು ಇದ್ದಾರೆ. ಅಮೆರಿಕದಲ್ಲಿ ಅದು ಮನೆ ಶೆಡ್ಡಲ್ಲಿ ಕೂತು ಮಾಡೋ ಹವ್ಯಾಸ, ನಮ್ಮಲ್ಲಿ ಹಂಗಲ್ಲ. 1959ರ ಆರ್ಮ್ಸ್ ಆಕ್ಟ್ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸೋಕೆ ಬೇರೆನೇ ಲೈಸೆನ್ಸ್ ಬೇಕು, ನಿಮ್ಮ ಹತ್ರ ಇರೋ ಕೋವಿ ಲೈಸೆನ್ಸ್ ಅದಕ್ಕೆ ನಡೆಯಲ್ಲ, 2019ರ ತಿದ್ದುಪಡಿ ಆದ್ಮೇಲೆ ಅದಕ್ಕೆ ಕನಿಷ್ಠ 7 ವರ್ಷ, ಹೆಚ್ಚು ಅಂದ್ರೆ ಜೀವಾವಧಿ. ಹಂಗಾಗಿ ಅದು ಈ ಲೇಖನದ ವಿಷಯ ಅಲ್ಲ. ಸೀಸದ ಗುಂಡು, ಚರೆ (ಸಣ್ಣ ಸೀಸದ ಕಾಳು) ಹಾರಿ ಹೋದ ಮೇಲೆ ನಳಿಗೇಲಿ ಏನು ಉಳಿಯತ್ತೆ, ಅದನ್ನ ತೆಗೆಯೋದು ಹೇಗೆ, ಮಳೆಗಾಲದಲ್ಲಿ ಎಲ್ಲಿಡೋದು, ಇಷ್ಟು.

ಮೊದಲು ಖಾಲಿ ಇದೆಯಾ ನೋಡಿ

ತೋಟಾ ಕೋವಿ ಆದ್ರೆ ಸುಲಭ, ಮಡಚಿ ಎರಡೂ ನಳಿಗೆ ಹಿಂಭಾಗ ನೋಡಿ, ಕತ್ಲಿದ್ರೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ರೈಫಲ್ ಆದ್ರೆ ಮ್ಯಾಗಜೀನ್ (ತೋಟಾ ತುಂಬೋ ಡಬ್ಬಿ) ತೆಗೆದು, ಬೋಲ್ಟ್ (ಹಿಂದಿನ ಚಿಲಕ) ಎಳೆದು, ಚೇಂಬರ್ (ತೋಟಾ ಕೂರೋ ಜಾಗ) ನೋಡಿ, ಆಮೇಲೆ ಬೋಲ್ಟೇ ಹೊರಗೆ ತೆಗೆದಿಡಿ.

ತೊಂದ್ರೆ ಇರೋದು ಕೇಪಿನ ಕೋವಿದು. ಮುಂದಿನಿಂದ ತುಂಬೋ ಕೋವಿ ಹೊರಗಿನಿಂದ ನೋಡಿದ್ರೆ ತುಂಬಿದ್ದೂ ಒಂದೇ ಖಾಲಿನೂ ಒಂದೇ. ಕೇಪು (ಮದ್ದಿಗೆ ಕಿಡಿ ಕೊಡೋ ಸಣ್ಣ ಟೋಪಿ) ಇಲ್ಲ ಅಂದ್ರೆ ಖಾಲಿ ಅಂತ ಅಂದ್ಕೋಬೇಡಿ ಮಾರಾಯ್ರೆ, ಕರಿಮದ್ದು ಒಣಗಿದ್ರೆ ಹತ್ತಾರು ವರ್ಷ ಆದ್ರೂ ಕೆಡಲ್ಲ, ಅಜ್ಜ ತುಂಬಿಟ್ಟಿದ್ದು ಮೊಮ್ಮಗನ ಕಾಲಕ್ಕೂ ಹಾರತ್ತೆ. ಪರೀಕ್ಷೆ ಮಾಡೋಕೆ ಗಜ (ಮದ್ದು ತುರುಕೋ ಉದ್ದ ಕೋಲು) ಸಾಕು. ಕೋವಿ ಬಾಯಿ ನಿಮ್ಮ ಮುಖದ ಕಡೆ ಬರದಂಗೆ ಪಕ್ಕಕ್ಕೆ ನಿಂತು ಗಜನ ನಿಧಾನಕ್ಕೆ ತಳದ ತನಕ ಇಳಿಸಿ, ನಳಿಗೆ ಬಾಯಿ ಹತ್ರ ಗಜಕ್ಕೆ ಒಂದು ಗುರುತು ಹಾಕಿ, ಆಮೇಲೆ ಅದೇ ಗಜನ ಹೊರಗಡೆ ನಳಿಗೆ ಪಕ್ಕಕ್ಕೆ ಹಿಡಿದು ನೋಡಿ. ಗುರುತು ಬಾಯಿಗೆ ಸಮ ಇಟ್ಟಾಗ ಗಜದ ತುದಿ ಕೇಪು ಕೂರೋ ನಿಪ್ಪಲ್ ಹತ್ತಿರ ಬಂದ್ರೆ ಖಾಲಿ, ಒಂದೆರಡು ಇಂಚು ಮೊದ್ಲೇ ನಿಂತ್ರೂ ಒಳಗೆ ಏನೋ ಇದೆ. ಈಡೇ ಇರ್ಬೋದು, ಮಣ್ಣೂ ಇರ್ಬೋದು, ಯಾವುದೇ ಆಗಿದ್ರೂ ಕಬ್ಬಿಣದ ಸರಳು ಹಾಕಿ ಕೆದಕೋಕೆ ಹೋಗ್ಬೇಡಿ, ಕೆದಕಿದ ಕಿಡಿಗೇ ಹೊತ್ಕೊಳ್ಳತ್ತೆ. ಲೈಸೆನ್ಸ್ ಇರೋ ಕೋವಿ ರಿಪೇರಿಯವರ ಹತ್ರ ಹೋಗಿ, ಹೋಗೋಕೆ ಮುಂಚೆ ಫೋನ್ ಮಾಡಿ ಹೀಗಿದೆ ಅಂತ ಹೇಳಿ. ಖಾಲಿ ಅಂತ ಗೊತ್ತಾದ ಕೋವಿಗೆ ಗಜದ ಮೇಲಿನ ಆ ಗುರುತನ್ನ ಶಾಶ್ವತ ಮಾಡಿಟ್ಕೊಳ್ಳಿ, ಸಣ್ಣ ಗೀರು ಹಾಕಿದ್ರೂ ಸಾಕು, ಮುಂದಿನ ಸಲ ಒಂದು ನಿಮಿಷದ ಕೆಲ್ಸ.

ತೋಟಾಗಳನ್ನ, ಮದ್ದಿನ ಡಬ್ಬಿನ, ಕೇಪನ್ನ ಬೇರೆ ರೂಮಲ್ಲಿಟ್ಟು ಆಮೇಲೆ ಕ್ಲೀನಿಂಗ್ ಶುರು ಮಾಡಿ.

ಯಾವ ಕೊಳೆ ಅಂತ ಗೊತ್ತಿದ್ರೆ ಅರ್ಧ ಕೆಲಸ ಮುಗಿದಂಗೆ

ಎಲ್ಲಾ ಕೊಳೆಗೂ ಎಣ್ಣೆ ಹಾಕಿ ಒರೆಸೋದು ನಮ್ಮವರ ಅಭ್ಯಾಸ, ಅಲ್ಲೇ ಎಡವಟ್ಟಾಗೋದು. ಕರಿಮದ್ದು ಉರಿದ್ರೆ ಅರ್ಧಕ್ಕಿಂತ ಜಾಸ್ತಿ ಗ್ಯಾಸ್ ಆಗಲ್ಲ, ಗಟ್ಟಿ ಪದಾರ್ಥ ಆಗತ್ತೆ, ಒಂದಷ್ಟು ಹೊಗೇಲಿ ಹೋಗಿ ಉಳಿದಿದ್ದು ಕಿಟ್ಟ ಆಗಿ ಅಂಟತ್ತೆ, ಹೆಚ್ಚಿನಂಶ ಪೊಟ್ಯಾಷಿಯಂ ಲವಣಗಳು. ಉಪ್ಪು ಮಳೆಗಾಲದಲ್ಲಿ ಡಬ್ಬೀಲೇ ನೀರು ಬಿಡತ್ತಲ್ಲ, ಈ ಲವಣಗಳೂ ಗಾಳಿಯಲ್ಲಿರೋ ಪಸೆನ ಎಳ್ಕೊಂಡು ನಳಿಗೆಗೆ ಅಂಟಿಸಿ ಕೂರತ್ತೆ, ಗಂಧಕದ ಅಂಶನೂ ಸೇರಿರೋದ್ರಿಂದ ತುಕ್ಕು ಇನ್ನೂ ಬೇಗ. ಹಳೇ ತರದ ಕೇಪಲ್ಲಿ ಕ್ಲೋರೇಟ್ ಇದ್ರೆ ಅದು ಉರಿದು ಪೊಟ್ಯಾಷಿಯಂ ಕ್ಲೋರೈಡ್ ಆಗತ್ತೆ, ಅದೂ ಉಪ್ಪಿನ ಜಾತಿನೇ. ಉಪ್ಪು ಎಣ್ಣೇಲಿ ಕರಗಲ್ಲ, ನೀರಲ್ಲಿ ಮಾತ್ರ ಕರಗೋದು. ಅಂದ್ರೆ ಕೇಪಿನ ಕೋವಿಗೆ ಮೊದಲ ಮದ್ದು ನೀರೇ, ಕಬ್ಬಿಣಕ್ಕೆ ನೀರು ಹಾಕೋದಾ ಅಂತ ಹಿರಿಯರು ಬೈದ್ರೂ ಪರವಾಗಿಲ್ಲ. ಕಿಟ್ಟದ ಮೇಲೆ ನೇರ ಎಣ್ಣೆ ಸುರಿದ್ರೆ ಅದು ಟಾರಿನ ತರ ಅಂಟಾಗಿ, ಅದರ ಕೆಳಗೆ ತುಕ್ಕು ಆರಾಮಾಗಿ ಬೆಳ್ಕೊಂಡು ಹೋಗತ್ತೆ.

ಈಗಿನ 12 ಬೋರ್ ತೋಟಾ, ಪಾಯಿಂಟ್ ಟೂ ಟೂ (.22) ರೈಫಲ್, 315 ರೈಫಲ್ (ಇವೆಲ್ಲ ನಳಿಗೆ ಅಗಲದ ಅಳತೆ) ಇವುಕ್ಕೆಲ್ಲ ಹೊಗೆ ಇಲ್ಲದ ಮದ್ದು, ಅದರ ಕಿಟ್ಟ ಕಮ್ಮಿ, ಮಸಿ ತರ ಇರತ್ತೆ, ಅದಕ್ಕೆ ಸೀಮೆಎಣ್ಣೆ ಅಥ್ವಾ ಅಂಗಡೀಲಿ ಸಿಗೋ ಬೋರ್ ಕ್ಲೀನರ್ ಸಾಕು. 12 ಬೋರಲ್ಲಿ ಪ್ಲಾಸ್ಟಿಕ್ ಬೆಣೆ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಇರೋ ತೋಟಾ ಬಳಸಿದ್ರೆ ಪ್ಲಾಸ್ಟಿಕ್ ಕೂಡ ಗೆರೆ ಗೆರೆಯಾಗಿ ಒಳಗೆ ಅಂಟತ್ತೆ.

ಮೂರನೇದು ಸೀಸ. ಇದು ನೀರಿಗೂ ಹೋಗಲ್ಲ ಎಣ್ಣೆಗೂ ಹೋಗಲ್ಲ.

ಸೀಸ ಯಾಕೆ ಅಂಟತ್ತೆ

ಸೀಸ ಮೆತ್ತನೆ ಲೋಹ, ಉಗುರಲ್ಲಿ ಗೀರಿದ್ರೂ ಗೆರೆ ಬೀಳತ್ತೆ, 327 ಡಿಗ್ರಿ ಸೆಲ್ಸಿಯಸ್‌ಗೆ ಕರಗತ್ತೆ. 315 ರೈಫಲ್ ಗುಂಡಿಗೆ ಮೇಲೊಂದು ಲೋಹದ ಕವಚ ಇರತ್ತೆ, ನಳಿಗೆಗೆ ತಾಗೋದು ಕವಚ, ಸೀಸ ಅಲ್ಲ. ಆದ್ರೆ ಕ್ಲಬ್ಬಲ್ಲಿ ಗುರಿ ಅಭ್ಯಾಸಕ್ಕೆ ಬಳಸೋ ಪಾಯಿಂಟ್ ಟೂ ಟೂ ಗುಂಡು ಬಹುತೇಕ ಬರೀ ಸೀಸದ್ದೇ, ಮೇಲೆ ಮೇಣನೋ ಗ್ರೀಸೋ ಸವರಿರತ್ತೆ, ಮುಟ್ಟಿದ್ರೆ ಬೆರಳಿಗೆ ಜಿಡ್ಡು ಹತ್ತೋದು ಅದೇ. ಅದು ಕೊಳೆ ಅಂತ ಒರೆಸ್ಬೇಡಿ, ಅದಿರೋದೇ ಸೀಸ ನಳಿಗೆಗೆ ಅಂಟದೇ ಇರ್ಲಿ ಅಂತ. ಗುಂಡು ನಳಿಗೆಗೆ ಸರಿಯಾಗಿ ಬಿಗಿಯಾಗದೆ ಸಂದಿ ಇದ್ರೆ ಹಿಂದಿನ ಬಿಸಿ ಗಾಳಿ ಆ ಸಂದೀಲಿ ನುಗ್ಗಿ ಸೀಸದ ಅಂಚನ್ನ ಕೊರೆದು ಮುಂದೆ ಗೋಡೆಗೆ ಬಳಿದು ಹೋಗತ್ತೆ. ನಳಿಗೆ ಒಳಗೆ ಮೊದ್ಲೇ ತುಕ್ಕಿನ ಗುಳಿ ಇದ್ರಂತೂ ಕೇಳೋದೇ ಬೇಡ, ಪ್ರತಿ ಗುಳಿನೂ ಅರ ತರ ಸೀಸನ ಕೆರೆದು ಇಟ್ಕೊಳ್ಳತ್ತೆ, ಆ ಸೀಸದ ಅಡಿಗೆ ಪಸೆ ಸಿಕ್ಕಾಕ್ಕೊಂಡು ಗುಳಿ ಇನ್ನೂ ಆಳ ಆಗತ್ತೆ, ಮುಂದಿನ ಈಡಿಗೆ ಇನ್ನೂ ಜಾಸ್ತಿ ಸೀಸ. ಮಲೆನಾಡಿನ ಕೋವಿಗಳು ಹಾಳಾಗೋ ದಾರಿ ಇದೇ.

12 ಬೋರ್ ಬಗ್ಗೆ ಒಂದು ಅಡ್ಡಮಾತು, ಆ 12 ಅಂದ್ರೆ ಏನು ಅಂತ ಕೋವಿ ಇಟ್ಕೊಂಡವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ನಳಿಗೆಗೆ ಸರಿಯಾಗಿ ಕೂರೋ ಸೀಸದ ಉಂಡೆ ಮಾಡಿದ್ರೆ ಒಂದು ಪೌಂಡಿಗೆ 12 ಉಂಡೆ ಬರ್ಬೇಕು, ಅಷ್ಟೆ. ಅಂದ್ರೆ ಒಂದು ಉಂಡೆ ಸುಮಾರು 38 ಗ್ರಾಂ, ನಳಿಗೆ ಒಳಗಿನ ಅಗಲ ಸುಮಾರು 18.5 ಮಿಲಿಮೀಟರ್. ಅದಕ್ಕೇ 16 ಬೋರ್ ಅಂದ್ರೆ 12ಕ್ಕಿಂತ ಸಣ್ಣದು. ಈ ಕೋವಿಗಳಲ್ಲಿ ಸೀಸ ಹೆಚ್ಚಾಗಿ ಕೂರೋದು ಎರಡು ಕಡೆ, ತೋಟಾ ಕೂರೋ ಜಾಗದಿಂದ ಸ್ವಲ್ಪ ಮುಂದೆ ನಳಿಗೆ ಕಿರಿದಾಗೋ ಕಡೆ, ಮತ್ತೆ ತುದಿಯಲ್ಲಿ ಚೋಕ್ (ಬಾಯಿ ಹತ್ರ ನಳಿಗೆ ಕಿರಿದಾಗೋ ಭಾಗ) ಇರೋ ಕಡೆ.

ನೋಡೋದು ಹೇಗೆ ಅಂದ್ರೆ, ನಳಿಗೆ ಕಳಚಿ ಬೆಳಕಿನ ಕಡೆ ಹಿಡಿದು ಸ್ವಲ್ಪ ಓರೆ ಮಾಡಿ. ಉಕ್ಕಿನ ಹೊಳಪು ಒಂದೇ ಸಮ ಇರತ್ತೆ, ಸೀಸ ಇದ್ರೆ ಬೂದು ಬಣ್ಣದ ಗೆರೆ ಅಥ್ವಾ ಪಟ್ಟೆ ತರ ಮಂಕಾಗಿ ಕಾಣತ್ತೆ, ಬ್ರಷ್ ಹಾಕಿ ಎಳೆದ ಮೇಲೆ ಬಿಳಿ ಬಟ್ಟೇಲಿ ಬೆಳ್ಳಿ ಚೂರಿನಂಗೆ ಸಣ್ಣ ಹಾಳೆ ಹಾಳೆ ಬಂದ್ರೆ ಅನುಮಾನನೇ ಬೇಡ.

ಸಾಮಾನು

ಜಾಸ್ತಿ ಏನೂ ಬೇಡ. ನಿಮ್ಮ ಬೋರಿಗೆ ಸರಿಯಾದ ಕ್ಲೀನಿಂಗ್ ರಾಡು, ಕಂಚಿನ ಬ್ರಷ್ಷು, ಹಳೇ ಬಿಳಿ ಕಾಟನ್ ಪಂಚೆ ಹರಿದು ಮಾಡಿದ ಚೌಕ ತುಂಡುಗಳು, ನೈಟ್ರೈಲ್ ಗ್ಲೌಸ್, ಹೊಲಿಗೆ ಮೆಷಿನ್ ಎಣ್ಣೆ ಅಥ್ವಾ ಗನ್ ಆಯಿಲ್, ಒಂದು ಡಬ್ಬಿ ಗ್ರೀಸು. ಉಕ್ಕಿನ ಬ್ರಷ್ ಬೇಡ, ನಳಿಗೆ ಗೀಚತ್ತೆ. ಸೀಸಕ್ಕೆ ಕಂಚಿನ ಬ್ರಷ್ಷಿಗೆ ತಾಮ್ರದ ಎಳೆ ಸುತ್ತಿ ಉಜ್ಜಿದ್ರೆ ಬೇಗ ಬರತ್ತೆ, ಪಾತ್ರೆ ಉಜ್ಜೋ ತಾಮ್ರದ ಬಣ್ಣದ ಸ್ಕ್ರಬ್ಬರ್ ಬಿಚ್ಚಿ ಕತ್ತರಿಸ್ಕೋಬೋದು, ಆದ್ರೆ ಅಂಗಡೀಲಿ ಸಿಗೋದ್ರಲ್ಲಿ ಎಷ್ಟೋ ಒಳಗೆ ಕಬ್ಬಿಣ ಮೇಲೆ ತಾಮ್ರದ ಲೇಪ, ಅದಕ್ಕೆ ಫ್ರಿಡ್ಜ್ ಮೇಲಿನ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಿದ್ರೆ ವಾಪಸ್ ಪಾತ್ರೆಗೇ ಬಿಡಿ.

ತೆಂಗಿನೆಣ್ಣೆ ಬಗ್ಗೆ ಎಲ್ಲರೂ ಕೇಳ್ತಾರೆ. ಮನೇಲಿ ಇರತ್ತೆ ಅಂತ ಅದನ್ನೇ ಬಳಿಯೋದು ಬೇಡ, ಚಳಿಗೆ ಹೆಪ್ಪುಗಟ್ಟತ್ತೆ, ದಿನ ಕಳೆದಂಗೆ ಕಮಟಾಗಿ ಅಂಟಾಗತ್ತೆ, ಕುದುರೆಯ (ಕೇಪಿಗೆ ಬಡಿಯೋ ಸುತ್ತಿಗೆ) ಸ್ಪ್ರಿಂಗಿನ ಸಂದೀಲಿ ಅದು ಕೂತ್ರೆ ಕುದುರೆ ನಿಧಾನ ಬೀಳತ್ತೆ. ಡಬ್ಲ್ಯೂಡಿ-40 ನೀರು ಓಡಿಸೋಕೆ ಒಳ್ಳೇದು, ಆದ್ರೆ ಮಳೆಗಾಲ ಪೂರ್ತಿ ಕಾಯೋ ಶಕ್ತಿ ಅದಕ್ಕಿಲ್ಲ, ಅದನ್ನ ಹೊಡೆದು ಒರೆಸಿ ಮೇಲೆ ಸರಿಯಾದ ಎಣ್ಣೆ ಹಾಕ್ಬೇಕು.

ಕೇಪಿನ ಕೋವಿ ತೊಳೆಯೋದು

ಈಡು ಹೊಡೆದ ದಿನ ಸಂಜೆನೇ ಮಾಡಿ, ನಾಳೆ ಅಂದ್ರೆ ಆಗುಂಬೆ ಗಾಳೀಲಿ ಬೆಳಗ್ಗೆ ಹೊತ್ತಿಗೆ ಕಂದು ಬಣ್ಣ ಬಂದಿರತ್ತೆ.

ನಳಿಗೆ ಮರದಿಂದ ಕಳಚೋ ತರದ್ದಾದ್ರೆ ಮರಕ್ಕೆ ಅಡ್ಡ ಹೊಡೆದಿರೋ ಬೆಣೆ ತೆಗೆದು ಕಳಚಿ, ನಿಪ್ಪಲ್ ಬಿಚ್ಚೋಕಾದ್ರೆ ಸರಿಯಾದ ಪಾನಾ ಹಾಕಿ ಬಿಚ್ಚಿ, ಇಕ್ಕಳದಲ್ಲಿ ಹಿಡಿದು ತಿರುಗಿಸಿದ್ರೆ ಅಂಚು ಹೋಗತ್ತೆ. ಒಂದು ಬಕೆಟ್ಟಲ್ಲಿ ಬಚ್ಚಲ ಹಂಡೆಯಿಂದ ಬಿಸಿನೀರು, ಕೈ ತಾಳೋಷ್ಟು ಬಿಸಿ ಇದ್ರೆ ಸಾಕು, ಅದಕ್ಕೆ ಒಂದೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ನಳಿಗೆಯ ಹಿಂಭಾಗ ಬಕೆಟ್ಟಲ್ಲಿಟ್ಟು ರಾಡಿಗೆ ಬಿಗಿಯಾಗಿ ಬಟ್ಟೆ ಸಿಕ್ಕಿಸಿ ಮೇಲೆ ಕೆಳಗೆ ಮಾಡಿ, ನಿಪ್ಪಲ್ ತೂತಿಂದ ನೀರು ಒಳಗೆ ಹೊರಗೆ ಪಂಪಾಗತ್ತೆ, ನೀರು ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬರತ್ತೆ, ಅದು ಗಂಧಕದ್ದು, ಹೆದರ್ಬೇಡಿ. ನೀರು ಬದಲಿಸಿ, ತಿಳಿ ಬರೋ ತನಕ ಮಾಡಿ, ಕೊನೆಗೆ ಸೋಪಿಲ್ಲದ ಬಿಸಿನೀರು ಹೊಯ್ದು ತೊಳೀರಿ. ಕುದಿಯೋ ನೀರು ಹಾಕಿದ್ರೆ ಬೇಗ ಒಣಗತ್ತೆ ಅಂತ ಹಳಬರು ಹೇಳ್ತಾರೆ, ಒಣಗೋದೇನೋ ನಿಜ, ಆದ್ರೆ ಆ ಬಿಸೀಲಿ ಕಣ್ಣೆದುರೇ ತೆಳು ತುಕ್ಕು ಹೂವಿನಂಗೆ ಅರಳತ್ತೆ, ನಾನಂತೂ ಹದ ಬಿಸಿನೀರಿಗೇ ಓಟು ಹಾಕೋದು.

ನಳಿಗೆ ಕಳಚೋಕಾಗದೇ ಇರೋ ಕೋವಿ ಆದ್ರೆ ಬಕೆಟ್ಟಲ್ಲಿ ಮುಳುಗಿಸ್ಬೇಡಿ, ಮರಕ್ಕೂ ಕಬ್ಬಿಣಕ್ಕೂ ನಡುವೆ ನೀರು ಇಳಿದ್ರೆ ಅದು ಹೊರಗೆ ಬರಲ್ಲ, ಕೆಳಭಾಗ ಕೊಳೆತು ತುಕ್ಕು ಹಿಡಿದು ಒಂದಿನ ನಳಿಗೆನೇ ತೆಳುವಾಗಿರತ್ತೆ, ನಮಗೆ ಕಾಣೋದೂ ಇಲ್ಲ. ಅಂಥಾದಕ್ಕೆ ಒದ್ದೆ ಬಟ್ಟೆ ತುಂಡುಗಳನ್ನೇ ಒಂದಾದ ಮೇಲೊಂದು ಹಾಕಿ ಎಳೀರಿ, ತಾಳ್ಮೆ ಬೇಕು.

ತೊಳೆದ ತಕ್ಷಣ ಒಣ ಬಟ್ಟೆ, ಇನ್ನೊಂದು, ಇನ್ನೊಂದು, ಬಟ್ಟೆ ಪೂರ್ತಿ ಒಣಗಿಯೇ ಹೊರಗೆ ಬರೋ ತನಕ. ಮಳೆಗಾಲದಲ್ಲಿ ಇಷ್ಟಕ್ಕೇ ಬಿಡದೆ ಹೇರ್ ಡ್ರೈಯರ್ ಇದ್ರೆ ನಿಪ್ಪಲ್ ತೂತಿಗೆ ಸ್ವಲ್ಪ ಹೊತ್ತು ಹಿಡೀರಿ, ಮನೆ ಹೆಣ್ಣುಮಕ್ಕಳ ಹತ್ರ ಕೇಳಿ ತಗೊಳ್ಳಿ, ಕೇಳದೆ ತಗೊಂಡ್ರೆ ಅದರ ಪರಿಣಾಮ ನಿಮಗೇ ಬಿಟ್ಟಿದ್ದು. ನಳಿಗೆ ಇನ್ನೂ ಬೆಚ್ಚಗಿದ್ದಾಗಲೇ ಎಣ್ಣೆ ಬಟ್ಟೆ ಎಳೀರಿ. ಮಾರನೇ ದಿನ ಒಂದು ಬಿಳಿ ಬಟ್ಟೆ ಹಾಕಿ ನೋಡಿ, ಕಂದು ಬಣ್ಣ ಬಂದ್ರೆ ಪಸೆ ಉಳಿದಿತ್ತು ಅಂತ ಅರ್ಥ, ಮತ್ತೆ ಒರೆಸಿ ಎಣ್ಣೆ ಹಾಕಿ. ಈ ಎರಡನೇ ದಿನದ ಕೆಲಸನ ಯಾರೂ ಮಾಡಲ್ಲ, ನಿಜವಾಗಿ ಕೋವಿ ಉಳಿಸೋದು ಅದೇ.

ತೋಟಾ ಕೋವಿ, ರೈಫಲ್, ಸೀಸ ತೆಗೆಯೋದು

ಯಾವಾಗ್ಲೂ ಹಿಂದಿನಿಂದ ಮುಂದಕ್ಕೆ. ರಾಡನ್ನ ಬಾಯಿಯಿಂದ ಹಾಕಿದ್ರೆ ತುದಿ ಅಂಚಿಗೆ ಉಜ್ಜಿ ಸವೆಯತ್ತೆ, ರೈಫಲಲ್ಲಿ ಗುಂಡು ಕೊನೇಲಿ ಬಿಟ್ಟು ಹೋಗೋ ಜಾಗ ಅದು, ಅಲ್ಲಿ ಒಂದು ಕಡೆ ಸವೆದ್ರೆ ಗುರಿ ಹೋಯ್ತು ಅಂತಲೇ. ಕೆಲವು ರೈಫಲಿಗೆ ಬಾಯಿಯಿಂದ ಬಿಟ್ರೆ ಬೇರೆ ದಾರಿ ಇರಲ್ಲ, ಹಂಗಾದ್ರೆ ರಾಡು ಅಂಚಿಗೆ ತಾಗದಂಗೆ ಕಾಪಾಡೋ ಬಿಲ್ಲೆ ಹಾಕ್ಕೊಳ್ಳಿ.

ಮೊದಲು ಬೋರ್ ಕ್ಲೀನರ್ ಅದ್ದಿದ ಬಟ್ಟೆ ಒಂದು ಸಲ ಎಳೆದು ಮಸಿ ತೆಗೀರಿ. ಇನ್ನೊಂದು ಒದ್ದೆ ಬಟ್ಟೆ ಎಳೆದು ಹದಿನೈದು ನಿಮಿಷ ಬಿಡಿ, ಟೀ ಕುಡಿಯೋಕೆ ಹೋಗೋದಾದ್ರೆ ಗ್ಲೌಸ್ ತೆಗೆದು ಕೈ ತೊಳ್ಕೊಂಡು ಹೋಗಿ. ಬಂದು ಕಂಚಿನ ಬ್ರಷ್ ಹಾಕಿ, ಪೂರ್ತಿ ಆ ಕಡೆ ಹೊರಗೆ ಬರೋ ತನಕ ತಳ್ಳಿ ಆಮೇಲೆ ವಾಪಸ್ ಎಳೀರಿ, ನಳಿಗೆ ಮಧ್ಯದಲ್ಲಿ ದಿಕ್ಕು ಬದಲಿಸಿದ್ರೆ ಬ್ರಷ್ಷಿನ ಎಳೆ ಮಡಚಿ ಹಾಳಾಗತ್ತೆ. ಹತ್ತು ಹನ್ನೆರಡು ಸಲ ಆದ್ಮೇಲೆ ಒಣ ಬಟ್ಟೆ ಹಾಕಿ ನೋಡಿ. ಬೆಳ್ಳಿ ಚೂರು ಬರ್ತಾ ಇದ್ರೆ ಮತ್ತೆ ಅದೇ. 12 ಬೋರಲ್ಲಿ ಸೀಸ ಹಟ ಮಾಡಿದ್ರೆ ಆಗ ತಾಮ್ರದ ಎಳೆ ಸುತ್ತಿ ಉಜ್ಜಿ. ತಾಮ್ರ ತೆಗೆಯೋಕೆ ಅಂತ ಸಿಗೋ ಅಮೋನಿಯಾ ವಾಸನೆಯ ದ್ರಾವಣ ಸೀಸಕ್ಕೆ ಕೆಲ್ಸ ಮಾಡಲ್ಲ, ಅದು ಕವಚದ ಗುಂಡು ಬಳಸೋ ರೈಫಲಿಗೆ.

ಪಾಯಿಂಟ್ ಟೂ ಟೂಗೆ ಸೀಸ ತೆಗೀತೀನಿ ಅಂತ ಪ್ರತಿ ಸಲ ಉಜ್ಜಿ ಸುಸ್ತಾಗೋದು ಬೇಡ, ಮೇಣ ಸವರಿದ ಗುಂಡು ನಿಧಾನಕ್ಕೆ ಹೋಗೋದ್ರಿಂದ ಅದರಲ್ಲಿ ಸೀಸ ಅಷ್ಟಾಗಿ ಕೂರಲ್ಲ, ಕೆಟ್ಟ ರಾಡಿಂದ ಹಾಳಾದ ನಳಿಗೆಗಳೇ ಜಾಸ್ತಿ. ಗುರಿ ಚೆದುರೋಕೆ ಶುರುವಾದ್ರೆ ಬ್ರಷ್ ಹಾಕಿ, ಇಲ್ಲಾಂದ್ರೆ ಒರೆಸಿ ಎಣ್ಣೆ ಹಚ್ಚಿದ್ರೆ ಸಾಕು.

ಮಾಡಬಾರದ ಎರಡು ವಿದ್ಯೆ ಇವೆ. ಒಂದು ಪಾದರಸ ಹಾಕಿ ನಳಿಗೆ ಅಲ್ಲಾಡಿಸೋದು, ಪಾದರಸ ಸೀಸನ ಕರಗಿಸ್ಕೊಳ್ಳತ್ತೆ ನಿಜ, ಹಿಂದೆ ಹಂಗೆ ಮಾಡ್ತಿದ್ರು ಕೂಡ, ಆದ್ರೆ ಅದರ ಆವಿ ಉಸಿರಿಗೆ ಹೋದ್ರೆ ವಿಷ, ಮನೆ ನೆಲದ ಸಂದೀಲಿ ಚೆಲ್ಲಿದ್ರೆ ಹೆಕ್ಕೋಕೂ ಆಗಲ್ಲ. ಇನ್ನೊಂದು ವಿನೆಗರ್ ಮತ್ತೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಹೊಯ್ಯೋದು, ವಿಡಿಯೋಗಳಲ್ಲಿ ನೊರೆ ನೊರೆಯಾಗಿ ಚೆಂದ ಕಾಣತ್ತೆ, ಅದರಲ್ಲಿ ಸೀಸ ನೀರಲ್ಲಿ ಕರಗೋ ಲವಣ ಆಗತ್ತೆ, ಗಟ್ಟಿ ಸೀಸಕ್ಕಿಂತ ಸುಲಭವಾಗಿ ಮೈಗೆ ಸೇರೋದು ಅದು, ಸ್ವಲ್ಪ ಹೊತ್ತು ಜಾಸ್ತಿ ಬಿಟ್ರೆ ಉಕ್ಕನ್ನೂ ತಿನ್ನತ್ತೆ.

ಕೈ, ಬಾಯಿ, ಒಲೆ

ಸೀಸ ಮೈಯೊಳಗೆ ಹೋಗೋದು ಹೆಚ್ಚಾಗಿ ಬಾಯಿ ಮತ್ತೆ ಉಸಿರಿನಿಂದ, ಮಕ್ಕಳಿಗೆ ಅದರಿಂದ ಮಿದುಳಿಗೇ ತೊಂದರೆ. ಹಂಗಾಗಿ ಕ್ಲೀನಿಂಗ್ ಮಾಡೋವಾಗ ಎಲೆ ಅಡಿಕೆ ಬೇಡ. ನಮ್ಮ ಕಡೆ ಜಗಲಿ ಮೇಲೆ ಕೂತು ಕೋವಿ ಒರೆಸ್ತಾ ಪಕ್ಕದಲ್ಲೇ ಕವಳದ ತಟ್ಟೆ ಇಟ್ಕೊಂಡು ಅದೇ ಬೆರಳಲ್ಲಿ ಸುಣ್ಣ ತಿಕ್ಕೋದು ಕಂಡಿದ್ದೀನಿ, ಸೀಸನ ಸುಣ್ಣದ ಜೊತೆ ತಿಂದಂಗೇ ಅದು. ಬೀಡಿ ಸಿಗರೇಟೂ ಅಷ್ಟೆ. ಕೆಲ್ಸ ಮುಗಿದ ಮೇಲೆ ತಣ್ಣೀರು ಸೋಪು ಹಾಕಿ ಉಗುರು ಸಂದಿ ತೊಳೀರಿ, ಹಾಕಿದ್ದ ಅಂಗಿ ಬೇರೆಯಾಗಿ ಒಗೀರಿ.

ಕೊಳೆ ಬಟ್ಟೆನ ಬಚ್ಚಲ ಒಲೆಗೆ ಹಾಕೋದು ಎಲ್ಲರ ಅಭ್ಯಾಸ, ದಯವಿಟ್ಟು ಬೇಡ. ಸೀಸ ಉರಿದು ಹೋಗಲ್ಲ, ಒಂದಿಷ್ಟು ಹೊಗೇಲಿ, ಉಳಿದಿದ್ದು ಬೂದೀಲಿ, ಆ ಬೂದಿನೇ ನಾಳೆ ಪಾತ್ರೆ ತಿಕ್ಕೋಕೆ, ನಾಡಿದ್ದು ಬಸಳೆ ಬುಡಕ್ಕೆ. ಒಂದು ಪ್ಲಾಸ್ಟಿಕ್ ಕವರಲ್ಲಿ ಗಂಟು ಕಟ್ಟಿ ಬೇರೆ ಇಟ್ಟು ಪೇಂಟ್ ಡಬ್ಬ, ಹಳೇ ಬ್ಯಾಟರಿ ಸೆಲ್ ಜೊತೆ ಅಪಾಯಕಾರಿ ಕಸ ಅಂತ ಹೇಳಿ ಕಸದ ಗಾಡಿಗೆ ಕೊಡಿ. ತೊಳೆದ ನೀರನ್ನ ಬಾವಿ ಕಟ್ಟೆ ಹತ್ರ, ತರಕಾರಿ ಪಾತಿಗೆ ಚೆಲ್ಬೇಡಿ.

ಎಲ್ಲಿಡೋದು

ಚರ್ಮದ ಚೀಲ ನೋಡೋಕೆ ಗತ್ತು, ಮಳೆಗಾಲದಲ್ಲಿ ಶತ್ರು. ಚರ್ಮ, ಕ್ಯಾನ್ವಾಸು, ಸ್ಪಂಜಿನ ಕವರು ಎಲ್ಲ ಪಸೆ ಎಳ್ಕೊಂಡು ಕೋವಿಗೆ ಅಪ್ಪಿಸಿ ಇಟ್ಕೊಳ್ಳತ್ತೆ, ಚರ್ಮ ಹದ ಮಾಡೋಕೆ ಹಾಕಿದ ಲವಣನೂ ಅದರಲ್ಲಿರತ್ತೆ. ಸಾಗಿಸೋಕೆ ಮಾತ್ರ ಚೀಲ, ಮನೆಗೆ ಬಂದ ತಕ್ಷಣ ಹೊರಗೆ. ಅಟ್ಟದ ಮೇಲೆ ಒಲೆ ಹೊಗೆ ತಾಗೋ ಕಡೆ ಇಟ್ರೆ ಒಣಗಿರತ್ತೆ ಅನ್ನೋರಿದ್ದಾರೆ, ಹೊಗೆಯ ಮಸೀಲಿ ಹುಳಿ ಅಂಶ ಇರತ್ತೆ, ಕೋವಿ ಮೇಲೆ ಕೂತು ಪಸೆ ಹಿಡಿಯತ್ತೆ, ಜೊತೆಗೆ ಮದ್ದು ತೋಟಾನೂ ಅಲ್ಲೇ ಇಟ್ಟಿದ್ರೆ ಹೇಳೋದೇ ಬೇಡ. ಹೊರಗೋಡೆಗೆ ತಾಗಿದಂಗೆ ಮೊಳೆ ಹೊಡೆದು ನೇತಾಕೋದೂ ಬೇಡ, ಮಣ್ಣಿನ ಗೋಡೆ ಮಳೆಗಾಲ ಪೂರ್ತಿ ಥಂಡಿ.

ಒಳಗಿನ ರೂಮಲ್ಲಿ ಬೀಗ ಇರೋ ಬೀರು, ಗೋಡೆಯಿಂದ ನಾಲ್ಕು ಬೆರಳು ದೂರ. ಅದರೊಳಗೆ ಸಿಲಿಕಾ ಜೆಲ್, ಸಣ್ಣ ಪೊಟ್ಟಣ ಅಲ್ಲ, ಅರ್ಧ ಕಿಲೋ ಕೊಂಡು ತೆಳು ಬಟ್ಟೆ ಚೀಲದಲ್ಲಿ ಕಟ್ಟಿಡಿ. ಬಣ್ಣ ಬದಲಾಗೋ ತರದ್ದು ತಗೊಂಡ್ರೆ ಪಸೆ ತುಂಬಿದ್ದು ಗೊತ್ತಾಗತ್ತೆ, ಅಡುಗೆಗೆ ಬಳಸದೇ ಇರೋ ಹಳೇ ಬಾಣಲೆಗೆ ಹಾಕಿ ಸಣ್ಣ ಉರೀಲಿ ಮೊದಲಿನ ಬಣ್ಣ ಬರೋ ತನಕ ಬಿಸಿ ಮಾಡಿದ್ರೆ ಮತ್ತೆ ಬಳಸ್ಬೋದು. ಸುಣ್ಣದ ಹರಳು ಇಡೋದು ಬೇಡ, ಪಸೆ ಕುಡಿದು ಬಿಸಿಯಾಗತ್ತೆ, ಪುಡಿ ಎಲ್ಲ ಕಡೆ ಹಾರತ್ತೆ.

ಕೋವಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಕೆಳಗೆ ಒಂದು ದಪ್ಪ ಬಟ್ಟೆ ಇರ್ಲಿ. ಮೇಲ್ಮುಖ ನಿಲ್ಲಿಸಿದ್ರೆ ನಳಿಗೆ ಎಣ್ಣೆ ನಿಧಾನಕ್ಕೆ ಇಳಿದು ಮರದ ಹಿಡಿಗೆ ಸೇರಿ ಮರ ಮೆತ್ತಗಾಗತ್ತೆ. ಬರಿಗೈಲಿ ಮುಟ್ಟಿದ ಕಡೆ ಬೆವರಿನ ಉಪ್ಪು ಉಳಿದು ಬೆರಳಚ್ಚಿನ ಆಕಾರಕ್ಕೇ ತುಕ್ಕು ಬರತ್ತೆ, ಯಾರಾದ್ರೂ ನೆಂಟರು ಬಂದು ಕೋವಿ ತೋರಿಸಿ ಅಂದ್ರೆ ಅವರು ಹೋದ್ಮೇಲೆ ಒಂದ್ಸಲ ಒರೆಸಿ. ತೋಟಾ ಬೇರೆ ಕಡೆ, ರಬ್ಬರ್ ಬಿಗಿ ಇರೋ ಡಬ್ಬೀಲಿ, ಅದಕ್ಕೂ ಬೀಗ. ಹಳೇ ಕಾಗದದ ತೋಟಾ ಪಸೆಗೆ ಉಬ್ಬಿದ್ರೆ ಚೇಂಬರಿಗೆ ತುರುಕ್ಬೇಡಿ.

ಆಯುಧ ಪೂಜೆ ದಿನ ಕೋವಿಗೂ ಗಂಧ ಕುಂಕುಮ ಹೂವು ಎಲ್ಲ ಆಗತ್ತೆ, ಆಗ್ಲಿ. ಒದ್ದೆ ಗಂಧ, ಹೂವಿನ ರಸ ಎರಡೂ ಕಬ್ಬಿಣದ ಕಪ್ಪು ಬಣ್ಣನ ತಿನ್ನತ್ತೆ, ಮೂರು ದಿನ ಹಂಗೇ ಬಿಟ್ರೆ ಬೊಟ್ಟು ಇಟ್ಟ ಕಡೆ ದುಂಡಗೆ ಕಲೆ ಖಾಯಂ. ಮರದ ಹಿಡಿಗೆ ಬೊಟ್ಟಿಟ್ಟು, ನಳಿಗೆಗೆ ಹೂವು ಮುಡಿಸೋದಾದ್ರೆ ಕೆಳಗೊಂದು ಒಣ ಬಟ್ಟೆ ಹಾಸಿ, ರಾತ್ರಿ ಮಲಗೋ ಮುಂಚೆ ಎಲ್ಲ ಬಿಚ್ಚಿ ಒರೆಸಿ ಎಣ್ಣೆ ಹಾಕಿಬಿಡಿ. ದೇವರೇನೂ ಅಂದ್ಕೊಳ್ಳಲ್ಲ.

ಕಾಗದ ಪತ್ರ, ಚುನಾವಣೆ

ಕೊಡಗಿನವರಿಗೆ ಲೈಸೆನ್ಸ್ ವಿನಾಯ್ತಿ ಇದೆಯಲ್ಲ ಅಂತ ನಮ್ಮವರು ಆಗಾಗ ಹೇಳ್ತಾರೆ, ಅದು ಕೊಡವರಿಗೆ ಮತ್ತೆ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಮಾತ್ರ, ಶಿವಮೊಗ್ಗ ಜಿಲ್ಲೇಲಿ ಎಲ್ಲರಿಗೂ ಲೈಸೆನ್ಸ್ ಬೇಕೇ ಬೇಕು. ಬೆಳೆ ರಕ್ಷಣೆಗೆ ಅಂತ ಕಾನೂನಲ್ಲಿ ಮೊದಲು ಹೇಳಿರೋದೇ ಮುಂದಿನಿಂದ ತುಂಬೋ ಕೋವಿ, ಅದು ಸಾಲಲ್ಲ ಅಂತ ಅಧಿಕಾರಿಗೆ ಮನವರಿಕೆ ಆದ್ರೆ ಬೇರೆ ನಯ ನಳಿಗೆ (ರೈಫಲಿನ ತರ ಒಳಗೆ ಗಾಡಿ ಇಲ್ಲದ) ಕೋವಿ ಕೊಡ್ಬೋದು. ಆ ಲೈಸೆನ್ಸು ಶಿಕಾರಿ ಲೈಸೆನ್ಸ್ ಅಲ್ಲ, 1972ರ ವನ್ಯಜೀವಿ ಕಾಯ್ದೆ ಅದರ ಪಾಡಿಗೆ ಇದ್ದೇ ಇದೆ. 2019ರ ತಿದ್ದುಪಡಿ ಆದ್ಮೇಲೆ ಲೈಸೆನ್ಸ್ ಅವಧಿ 3 ವರ್ಷದ ಬದಲು 5 ವರ್ಷ, ಒಬ್ಬರ ಹೆಸರಲ್ಲಿ ಎರಡೇ ಕೋವಿ. ಮುಗಿಯೋಕೆ ಎರಡ್ಮೂರು ತಿಂಗಳಿರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಿ. ಲೈಸೆನ್ಸ್‌ದಾರರು ತೀರಿಕೊಂಡ್ರೆ ಕೋವಿ ಮನೇಲೇ ಇಟ್ಕೊಂಡು ಕೂರೋ ಹಾಗಿಲ್ಲ, ಪೊಲೀಸ್ ಠಾಣೆಗೋ ಲೈಸೆನ್ಸ್ ಇರೋ ಡೀಲರಿಗೋ ಒಪ್ಪಿಸಿ ಆಮೇಲೆ ವಾರಸುದಾರರ ಹೆಸರಿಗೆ ಅರ್ಜಿ.

ಚುನಾವಣೆ ಬಂದಾಗ ಠಾಣೇಲಿ ಜಮಾ ಮಾಡಿ ಅಂತ ನೋಟಿಸ್ ಬಂದ್ರೆ, ಎಣ್ಣೆ ಹಾಕಿ ಕೊಟ್ರೆ ಸಾಲಲ್ಲ. ಎಷ್ಟು ದಿನ ಅಲ್ಲಿರತ್ತೋ, ಯಾವ ಮೂಲೇಲಿರತ್ತೋ ಗೊತ್ತಿಲ್ಲ, ನೂರು ಕೋವಿ ಒಂದೇ ರೂಮಲ್ಲಿ ಒರಗಿಸಿಟ್ಟಾಗ ಯಾರೂ ನಮ್ಮದನ್ನ ಒರೆಸ್ತಾ ಕೂರಲ್ಲ. ಹಿಂದಿನ ದಿನ ಚೆನ್ನಾಗಿ ಕ್ಲೀನ್ ಮಾಡಿ, ನಳಿಗೆ ಒಳಗೂ ಹೊರಗೂ ತೆಳುವಾಗಿ ಗ್ರೀಸ್ ಸವರಿ, ಎಣ್ಣೆ ಕಾಗದ ಸುತ್ತಿಕೊಡಿ. ಪ್ಲಾಸ್ಟಿಕ್ ಸುತ್ತಿ ಗಾಳಿಯಾಡದಂಗೆ ಮಾತ್ರ ಬಿಗಿಬೇಡಿ, ಒಳಗೇ ಬೆವರತ್ತೆ. ನಂಬರ್ ಕಾಣೋ ಹಾಗೆ ನಾಲ್ಕೂ ಕಡೆ ಫೋಟೋ ತೆಗೆದಿಟ್ಕೊಳ್ಳಿ, ರಸೀದೀಲಿ ನಂಬರ್, ತೋಟಾ ಎಷ್ಟು ಅಂತ ಬರೆಸ್ಕೊಳ್ಳಿ.

ಮತ್ತೆ ಬಳಸೋ ಮುಂಚೆ

ಮಳೆ ಮುಗಿದು ಅಡಿಕೆ ಕೊಯ್ಲಿನ ಹೊತ್ತಿಗೆ ಕೋವಿ ಕೆಳಗಿಳಿಸ್ತೀರಲ್ಲ, ಆಗ ನೇರ ತುಂಬೋಕೆ ಹೋಗ್ಬೇಡಿ. ಗ್ರೀಸು ಎಣ್ಣೆ ಪೂರ್ತಿ ಒರೆಸಿ ತೆಗೀರಿ, ಕೇಪಿನ ಕೋವೀಲಿ ಎಣ್ಣೆ ಉಳಿದಿದ್ರೆ ಮದ್ದು ನೆನೆದು ಈಡು ಹಾರೋದೇ ಇಲ್ಲ, ತೋಟಾ ಕೋವೀಲಿ ಚೇಂಬರಿಗೆ ಗ್ರೀಸ್ ಇದ್ರೆ ಒತ್ತಡ ಎಲ್ಲ ನಳಿಗೆ ಹಿಂಭಾಗ ಮುಚ್ಚೋ ಬೀಗದ ಮೇಲೆ ಬೀಳತ್ತೆ. ಆಮೇಲೆ ನಳಿಗೆ ಮೂಲಕ ಬೆಳಕು ನೋಡಿ. ಕುಂಬಾರ ಹುಳಕ್ಕೆ ಕೋವಿ ನಳಿಗೆಗಿಂತ ಒಳ್ಳೆ ಮನೆ ಸಿಗಲ್ಲ, ಬಾಯಿಯಿಂದ ಒಂದು ಗೇಣು ಒಳಗೆ ಮಣ್ಣು ತಂದು ಗೂಡು ಕಟ್ಟಿ ಹೋಗಿರತ್ತೆ, ಹೊರಗೆ ಏನೂ ಕಾಣಲ್ಲ. ಆ ಮಣ್ಣೋ, ಮರೆತು ಬಿಟ್ಟ ಬಟ್ಟೆ ತುಂಡೋ ಅಡ್ಡ ಇದ್ದಾಗ ಈಡು ಹೊಡೆದ್ರೆ ನಳಿಗೆ ಉಬ್ಬತ್ತೆ ಇಲ್ಲಾ ಒಡೆಯತ್ತೆ, ಎಡಗೈ ಇರೋದು ಅಲ್ಲೇ ಕೆಳಗೆ.

ಗುಳಿ ಆಳ ಇದ್ರೆ, ಅಥ್ವಾ ಹಳೇ ಇಂಗ್ಲಿಷ್ ಜೋಡಿ ನಳಿಗೆ ಮೇಲೆ ಹಾವಿನ ಚರ್ಮದಂಥ ಸುರುಳಿ ಸುರುಳಿ ಗೆರೆ ಕಂಡ್ರೆ, ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದು ಕರಿಮದ್ದಿನ ಕಾಲಕ್ಕೆ ಮಾಡಿದ್ದು, ಈಗಿನ ತೋಟಾ ಅದಕ್ಕೆ ಹಾಕೋ ಮುಂಚೆ ಲೈಸೆನ್ಸ್ ಇರೋ ರಿಪೇರಿಯವರಿಗೆ ತೋರಿಸ್ಲೇಬೇಕು. ತೋಟಾ ಉದ್ದನೂ ನೋಡಿ, ಹಳೇ ಚೇಂಬರು ಎಷ್ಟೋ ಸಲ ಎರಡೂವರೆ ಇಂಚಿಂದು ಅಂದ್ರೆ 65 ಮಿಲಿಮೀಟರ್, 70 ಮಿಲಿಮೀಟರ್ ತೋಟಾ ಅದರಲ್ಲಿ ಸಲೀಸಾಗಿ ಕೂರತ್ತೆ, ಆದ್ರೆ ಹೊಡೆದಾಗ ಬಾಯಿ ಬಿಚ್ಚೋಕೆ ಜಾಗ ಇರಲ್ಲ, ಒತ್ತಡ ಏರತ್ತೆ. ನಳಿಗೆ ಅಡಿಭಾಗದಲ್ಲಿ ಅಳತೆ ಕೆತ್ತಿರತ್ತೆ, ಮರ ಕಳಚಿದಾಗ ಹೇಗೂ ಕಾಣತ್ತೆ, ಲೈಸೆನ್ಸ್ ಜೊತೆ ಒಂದು ಚೀಟೀಲಿ ಬರೆದಿಟ್ಕೊಂಡು ತೋಟಾ ಕೊಳ್ಳೋಕೆ ಹೋದಾಗ ಅಂಗಡಿಯವರಿಗೆ ತೋರಿಸಿ.